ಲಿಲ್ಲಿಬಾಯಿಗೆ ನಾನು ಕಳಿಸಿದ ನೋಟಿಸು

ಕೊರೋನಾ ಕಳೆದ ಮಾರನೆಯ ವರ್ಷ ನಾನು ಮಂಗಳೂರಿನಲ್ಲಿ ಮಕ್ಕಳ ರಕ್ಷಣಾ ಅಧಿಕಾರಿಯಾಗಿದ್ದೆ. ಹೆತ್ತವರಿಲ್ಲದ ಮಕ್ಕಳನ್ನು ಸಾಕುವವರ ಅರ್ಜಿ ನೋಡುವುದು ನನ್ನ ಕೆಲಸ. ಸಾಕುವವರು ಬಂಧುಗಳಾದರೆ ‘ಪ್ರಾಯೋಜಕತ್ವ’, ಅಲ್ಲದಿದ್ದರೆ ‘ಫಾಸ್ಟರ್ ಕೇರ್’. ಎರಡರಲ್ಲೂ ಮಗುವಿನ ಖರ್ಚಿಗೆ ಮಾಸಿಕ ನೆರವು ಉಂಟು. ಎರಡನೆಯದಕ್ಕೆ ಮಾತ್ರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತಂದು ಆದೇಶ ಪಡೆಯಬೇಕು.

ಉರ್ವದ ಟೈಲರ್ ಲಿಲ್ಲಿಬಾಯಿ ಮೊದಲನೆಯದಕ್ಕೆ ಅರ್ಜಿ ಹಾಕಿದ್ದರು. ಮಗು ಒಂಬತ್ತು ವರ್ಷದ ರೀನಾ. ತಂದೆ ಮೊದಲೇ ಹೋಗಿದ್ದ. ಅತ್ತಾವರದಲ್ಲಿ ನರ್ಸ್ ಆಗಿದ್ದ ತಾಯಿಯೂ ತೀರಿಕೊಂಡಿದ್ದಳು. ಸಂಬಂಧದ ಕಾಲಂನಲ್ಲಿ ಲಿಲ್ಲಿಬಾಯಿ ಬರೆದಿದ್ದರು: ‘ಇಗರ್ಜಿಯಲ್ಲಿ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡವಳು.’ ಕ್ರೈಸ್ತರಲ್ಲಿ ಹಾಗೆ ಚರ್ಚಿನಲ್ಲಿ ಎತ್ತಿಕೊಂಡವಳಿಗೆ ತಾಯಿಯದೇ ಹೊಣೆ. ಸರಕಾರಿ ನಮೂನೆಗೆ ಇಗರ್ಜಿಯ ಪರಿಚಯವಿರಲಿಲ್ಲ. ‘ರಕ್ತಸಂಬಂಧವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಜಿಯನ್ನು ಫಾಸ್ಟರ್ ಕೇರ್‌ಗೆ ಬದಲಿಸಿದೆ. ಒಂದು ನೋಟಿಸನ್ನೂ ಕಳಿಸಿದೆ. ನೋಟಿಸು ಬರೆಯುವುದರಲ್ಲಿ ಇಲಾಖೆಯಲ್ಲಿ ನನಗೆ ಹೆಸರಿತ್ತು. ‘ಮಗುವನ್ನು ಸಮಿತಿಯೆದುರು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ಯಾರೂ ಹಾಜರಾಗಲಿಲ್ಲ. ನಾನೇ ಮನೆ ಪರಿಶೀಲನೆಗೆ ಹೊರಟೆ.

“ರೀನಾ ಎಲ್ಲಿ ಬಾಯಿ?”

“ಎಂತ ರೀನಾ? ಇಲ್ಲಿ ಮಗು ಗಿಗು ಯಾರೂ ಇಲ್ಲ ಸರ್. ಅರ್ಜಿ ತಪ್ಪಿ ಹಾಕಿದ್ದು.”

ಹಗ್ಗದಲ್ಲಿ ಸಣ್ಣ ಯೂನಿಫಾರ್ಮ್ ಒಣಗುತ್ತಿತ್ತು.

“ಅದು ಹೊಲಿಯಲಿಕ್ಕೆ ಬಂದದ್ದು.”

“ಆ ಹಲ್ಲುಜ್ಜುವ ಸಣ್ಣ ಬ್ರಶ್ಶು? ಅದೂ ಹೊಲಿಯಲಿಕ್ಕೆ ಬಂದದ್ದಾ?”

ಮಗು ಅರ್ಜಿದಾರರ ಜೊತೆ ವಾಸವಿಲ್ಲ ಎಂದು ನಾನು ಬರೆದರೆ ಅರ್ಹತೆ ಅಲ್ಲಿಗೇ ಮುಗಿಯುತ್ತಿತ್ತು. ಮಗುವನ್ನು ಹುಡುಕಿಸುವ ಕೆಲಸವೂ ಶುರುವಾಗುತ್ತಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಒಂದು ದನಿ ಬಂತು.

“ಆಂಟಿ, ಆ ಸರ್ ಹೋದ್ರಾ? ನನಗೆ ಹಸಿವಾಗ್ತದೆ.”

“ಇಲ್ಲ ಮಗಾ, ಇನ್ನೂ ಇದ್ದೇನೆ,” ಎಂದೆ.

ಲಿಲ್ಲಿಬಾಯಿ ಹೊಲಿಗೆ ಯಂತ್ರದ ಡ್ರಾಯರಿನಿಂದ ನನ್ನ ನೋಟಿಸನ್ನು ತೆಗೆದು ಎದುರಿಗಿಟ್ಟರು.

“ಹಾಜರು ಮಾಡಿದ್ರೆ ನೀವು ಅವಳನ್ನು ಹಾಸ್ಟೆಲಿಗೆ ಹಾಕ್ತೀರಿ ಅಲ್ವಾ? ನಿಮ್ಮ ನೆರವು ಬೇಡ ಸರ್. ಇವಳು ಇದ್ರೆ ಸಾಕು.”

ಇಂಥ ಮಾತಿಗೆ ಇಲಾಖೆಯಲ್ಲಿ ನಮೂನೆ ಇರಲಿಲ್ಲ. “ಸಮಿತಿಗೆ ನಾನೂ ಜೊತೆಗೆ ಬರ್ತೇನೆ. ಕಂಡದ್ದನ್ನು ಕಂಡ ಹಾಗೆ ಹೇಳ್ತೇನೆ,” ಎಂದೆ.

ಸಮಿತಿಯವರು ಕುಳಿತುಕೊಳ್ಳಿ ಎಂದರೂ ಲಿಲ್ಲಿಬಾಯಿ ರೀನಾಳ ಮಣಿಕಟ್ಟು ಹಿಡಿದು ನಿಂತೇ ಇದ್ದರು. ವಿಚಾರಣೆ ಮುಗಿಯುವವರೆಗೂ ಮಗು ಅವರಲ್ಲೇ ಇರಲಿ ಎಂದಾಗ ಕೈ ಸಡಿಲವಾಯಿತು. ಕಾಯಂ ಆದೇಶಕ್ಕೆ ಮತ್ತೆ ಮೂರು ತಿಂಗಳು ಹಿಡಿಯಿತು.

ಆಮೇಲೆ ನನ್ನ ನೋಟಿಸುಗಳ ಕೊನೆಯ ಸಾಲು ಬದಲಾಯಿತು: ‘ಬರುವಾಗ ಮಗುವಿಗೆ ತಿಂಡಿ ತನ್ನಿ, ಸ್ವಲ್ಪ ಹೊತ್ತಾಗಬಹುದು.’ ಇದೇನು ಪಿಕ್‌ನಿಕ್ಕಿನ ಆಮಂತ್ರಣವೇ ಎಂದು ಮೇಲಧಿಕಾರಿಗಳು ಕೇಳಿದರು. ಇಲಾಖೆಯ ಗಾಂಭೀರ್ಯಕ್ಕೆ ಆದ ಹಾನಿಗೆ ನಾನೇ ಹೊಣೆ. ಆದರೆ ನಿವೃತ್ತನಾಗುವವರೆಗೂ ನನಗೆ ಹೆದರಿ ಯಾರೂ ಮಗುವನ್ನು ಅಡಗಿಸಿಡಲಿಲ್ಲ.