ಕ್ಯಾಂಪ್‌ಬೆಲ್ ಮನೆಯ ಎರಡನೇ ಬಾಗಿಲು

ಕೋವಿಡ್ ಮುಗಿದು ಆಫೀಸುಗಳು ಜನರನ್ನು ಮತ್ತೆ ಕರೆಸಿಕೊಳ್ಳುತ್ತಿದ್ದ ವರ್ಷ. ನಾನಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ರಿಯಲ್ ಎಸ್ಟೇಟ್ ಏಜೆಂಟ್. ದಾವಣಗೆರೆಯಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಕಲಿತವಳು; ಇಲ್ಲಿಗೆ ಬಂದ ಮೇಲೆ ಯಾರ ಶಿಫಾರಸೂ ಇಲ್ಲದೆ ಲೈಸೆನ್ಸ್ ಪಡೆದು ಹೆಸರು ಮಾಡಿಕೊಂಡೆ. ಮನೆ ನೋಡಲು ಬಂದ ಗಂಡ ಹೆಂಡತಿಯಲ್ಲಿ ಯಾರಿಗೆ ಏನು ಬೇಕು ಎಂಬುದು ಅವರು ಚಪ್ಪಲಿ ಬಿಡುವಷ್ಟರಲ್ಲಿ ನನಗೆ ತಿಳಿದುಬಿಡುತ್ತದೆ. ಪ್ರಸನ್ನ, ವಿಭಾ ವಿಷಯದಲ್ಲಿ ಮಾತ್ರ ಎಡವಿದೆ.

ಪ್ರಸನ್ನ ಹುಬ್ಬಳ್ಳಿಯವನು, ಎಂಜಿನಿಯರ್. ವಿಭಾ ಮೈಸೂರಿನವಳು, ಮಕ್ಕಳ ಡಾಕ್ಟರ್. ಕ್ಯಾಂಪ್‌ಬೆಲ್‌ನಲ್ಲಿ ಅವರಿಗೆ ಹಿಡಿಸಿದ ಮನೆಯ ಹಿಂದೆ ಒಂದು ಇನ್‌ಲಾ ಯೂನಿಟ್ ಇತ್ತು. ಅಂದರೆ ಅತ್ತೆ ಮಾವ ಬಂದಾಗ ಇರಲೆಂದು ಹಿತ್ತಲಲ್ಲಿ ಕಟ್ಟಿದ, ಬೇರೆ ಬಾಗಿಲಿನ ಪುಟ್ಟ ಮನೆ. ವಿಭಾ ಅದರ ಕಿಟಕಿ ತೆರೆದು, "ಶೈಲಕ್ಕಾ, ಇದು ನಂದು!" ಎಂದಳು. ಶನಿವಾರಗಳಲ್ಲಿ ಅವಳು ಪಾಲೋ ಆಲ್ಟೋದಲ್ಲಿ ಒಂದು ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಸಾವಿರ ವರ್ಷ ಹಿಂದಿನ ಜಪಾನಿನ ಅರಮನೆ ಕಥೆಗಳನ್ನು ಓದುತ್ತಿದ್ದರು. ಮನೆಯಲ್ಲಿ ಕೂತು ಓದಲು ಅವಳಿಗೆ ತನ್ನದೇ ಜಾಗ ಬೇಕಿತ್ತು.

ಪ್ರಸನ್ನ ನನ್ನನ್ನು ಗ್ಯಾರೇಜಿನ ಕಡೆ ಕರೆದ. "ಅಕ್ಕಾರ, ಆ ಹಿಂದಿನ ಮನಿಗೆ ಪರ್ಮಿಟ್ ಇಲ್ಲಂತ ಹೇಳಿಬಿಡ್ರಿ. ಆಕಿ ತಾನ ಬ್ಯಾಡಂತಾಳ."

"ಪರ್ಮಿಟ್ ಇದೆಯಲ್ಲಪ್ಪಾ."

"ಅದು ನಮ್ಮಿಬ್ಬರಿಗಷ್ಟ ಗೊತ್ತದ." ದನಿ ತಗ್ಗಿಸಿದ. "ಕ್ಲಾಸಿನಾಗ ಕೆಂಜಿ ಅಂತ ಒಬ್ಬ ಅದಾನ್ರಿ. ಊಟಕ್ಕ ಕುಂತ್ರ ಕೆಂಜಿ ಹಿಂಗಂದ, ಕೆಂಜಿ ಹಂಗಂದ. ಆ ಕಥಿಯೊಳಗ ಗಂಡಸರು ಕತ್ತಲಾದ ಮ್ಯಾಲ ಹೆಣ್ಮಕ್ಕಳ ಮನಿಗೆ ಬಂದು ಬೆಳಕ ಹರಿಯೋದ್ರಾಗ ಹೋಗ್ತಾರಂತ. ಈಗ ಈಕಿಗೆ ಬ್ಯಾರೆ ಬಾಗಲಾ ಬೇಕಂತ!"

ನಗು ಬಂತು. ಆಮೇಲೆ ನನ್ನ ಮನೆ ನೆನಪಾಯಿತು. ಭಾನುವಾರವಿಡೀ ಗುರುತಿಲ್ಲದ ಗಂಡಸರಿಗೆ ಮನೆ ತೋರಿಸುತ್ತ ತಿರುಗುವವಳು ನಾನು. ಯಾರ ಜೊತೆ ಹೋಗಿದ್ದೆ ಎಂದು ನನ್ನ ಗಂಡ ಒಂದು ದಿನವೂ ಕೇಳಿದವರಲ್ಲ. ಮೊಸರು ತಂದೆಯಾ ಎಂದು ಕೇಳುತ್ತಾರೆ. ಇಲ್ಲೊಬ್ಬ ಹೆಂಡತಿಯ ಮೇಲಿನ ಸಂಶಯಕ್ಕೆ ಒಳ್ಳೆಯ ಮನೆಯನ್ನೇ ಕೆಡಿಸಲು ಹೊರಟಿದ್ದಾನೆ! ಅವನ ಹೊಟ್ಟೆಕಿಚ್ಚು ಕಂಡು ವಿಭಾಳ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು.

ಆದರೆ ಸುಳ್ಳು ಹೇಳಿದರೆ ಲೈಸೆನ್ಸೇ ಹೋದೀತು. ಸಂಜೆಯೊಳಗೆ ಆಫರ್ ಕೊಡಬೇಕು, ಅಂದರೆ ಇಂಥ ಬೆಲೆಗೆ ಕೊಳ್ಳುತ್ತೇವೆ ಎಂದು ಬರೆದು ಒಪ್ಪಿಸಬೇಕು; ಬೇರೆ ಗಿರಾಕಿ ಕಾದು ಕೂತಿದ್ದ. ಬೆಲೆಯ ಚೌಕಾಸಿಗೆ ನಡುವೆ ನಾನಿರಬೇಕು, ಗಂಡ ಹೆಂಡತಿಯ ಈ ಚೌಕಾಸಿಗಲ್ಲ. ವಿಭಾಳನ್ನು ಕರೆದೆ. "ಪ್ರಸನ್ನನಿಗೆ ಆ ಬಾಗಿಲು ಬೇಡವಂತೆ. ಯಾಕೆ ಅಂತ ಅವನೇ ಹೇಳಲಿ."

ಅವನು ನೆಲ ನೋಡುತ್ತ, "ಕೆಂಜಿ," ಎಂದ.

"ಕೆಂಜಿನಾ? ಬಂದ್ರೆ ಟೀ ಕೊಡ್ತೀನಿ, ನೀನೂ ಕುಡಿ." ಆಮೇಲೆ ಅವಳ ದನಿ ಏರಿತು. "ಆ ಕಥೆಗಳಲ್ಲಿ ಹೆಂಗಸು ಪರದೆ ಹಿಂದೆ ಕೂತು ಕಾಯ್ತಾಳೆ. ಅವನು ಇನ್ನೊಬ್ಬಳ ಮನೆಗೆ ಹೋದ್ರೂ ಮುಖ ಸಿಂಡರಿಸೋ ಹಾಗಿಲ್ಲ. ಅವಳು ಹೊಟ್ಟೆಕಿಚ್ಚು ಪಟ್ರೆ ತಪ್ಪು, ಅವನು ಪಟ್ರೆ ಪ್ರೀತಿ! ನಾನೇನ್ ಬೇರೆ ಮಾಡ್ತಿದ್ದೀನಿ? ಊಟ ಬಿಸಿ ಮಾಡ್ಕೊಂಡು ನಿನ್ನ ಮೀಟಿಂಗು ಮುಗಿಯೋದನ್ನ ಕಾಯ್ತೀನಿ. ನಿನ್ನ ಲ್ಯಾಪ್‌ಟಾಪ್ ಕಂಡ್ರೆ ನಂಗೆಷ್ಟು ಉರಿಯತ್ತೆ, ಯಾವತ್ತಾದ್ರೂ ಕೇಳಿದ್ಯಾ?"

"ಮತ್ತ ಆ ಬಾಗಲಾ ಯಾರಿಗೆ?"

"ನಿಂಗೇ ಕಣೋ! ಆ ಕಥೆಗಳಲ್ಲಿ ಎಷ್ಟೋ ಹೆಂಗಸರಿಗೆ ಅದೊಂದು ಒಳ್ಳೇದಿತ್ತು. ಮನೆ ಅವಳದು, ಅವನೇ ಬರಬೇಕಿತ್ತು. ಒಂದೇ ಸೂರಿನ ಕೆಳಗಿದ್ದು ನೀನು ನನ್ನ ಹತ್ರ ಬರೋದನ್ನೇ ಮರ್ತಿದ್ದೀಯ. ಫೋನ್ ಮನೇಲಿಟ್ಟು, ಹಿತ್ತಲು ದಾಟಿ, ಆ ಬಾಗಿಲು ತಟ್ಟು. ತೆಗೀಬೇಕೋ ಬೇಡ್ವೋ ನಾನು ನೋಡ್ಕೋತೀನಿ."

ಪ್ರಸನ್ನನ ಕಿವಿ ಕೆಂಪಾಯಿತು. "ತೆಗೀಲಿಲ್ಲಂದ್ರ?"

"ಮತ್ತೆ ತಟ್ಟು."

ಸಂಜೆ ಆಫರ್ ಕೊಟ್ಟೆವು, ಮನೆ ಸಿಕ್ಕಿತು. ಹಿತ್ತಲ ದಾರಿಯ ಕೆಟ್ಟ ದೀಪವನ್ನು ಮಾರುವವರ ಖರ್ಚಿನಲ್ಲೇ ಸರಿಮಾಡಿಸಿಕೊಂಡೆ. ಬರುವವನು ಎಡವಬಾರದಲ್ಲ!

ಕೆಲವು ತಿಂಗಳ ನಂತರ ಊಟಕ್ಕೆ ಕರೆದಿದ್ದರು. ಹಿತ್ತಲ ಪುಟ್ಟ ಮನೆಯ ಬಾಗಿಲಿನ ಮುಂದೆ ಪ್ರಸನ್ನನ ಚಪ್ಪಲಿಗಳಿದ್ದವು, ಅತಿಥಿ ಬಿಟ್ಟ ಹಾಗೆ ನೀಟಾಗಿ ಜೋಡಿಸಿ. ಹೋಳಿಗೆ ರುಚಿಸಲಿಲ್ಲ ನನಗೆ.

ಈ ವೃತ್ತಿ ನನಗೆ ಕಲಿಸಿದ್ದನ್ನು ಈಗ ಪ್ರತಿ ಜೋಡಿಗೂ ಹೇಳುತ್ತೇನೆ: ಬೆಡ್‌ರೂಮು ಎಷ್ಟು ಎಂದು ಆಮೇಲೆ ಕೇಳಿ, ಈ ಮನೆಯಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಅದು ಇತ್ಯರ್ಥವಾಗದೆ ಸಹಿ ಹಾಕಬೇಡಿ.

ಅವತ್ತು ಅವರಲ್ಲಿ ಊಟ ಮುಗಿಸಿ ನಮ್ಮ ಮನೆಗೆ ಮರಳಿದಾಗ ಕೀಲಿ ಕೈಯಲ್ಲೇ ಇತ್ತು. ತೆರೆಯದೆ ಬಾಗಿಲು ತಟ್ಟಿದೆ.

"ಕೀಲಿ ಇಲ್ವೇನೇ?" ಸೋಫಾದಿಂದ ಗಂಡನ ದನಿ.

ಮತ್ತೆ ತಟ್ಟಿದೆ. ಟೀವಿ ಸದ್ದು ನಿಂತಿತು. ಚಪ್ಪಲಿ ಎಳೆಯುತ್ತ ಬಾಗಿಲಿನತ್ತ ಬರುವ ಹೆಜ್ಜೆ ಕೇಳಿಸಿತು.