ಮಾವು ಬೇಕೋ, ಹಲಸು ಬೇಕೋ

ಮೊನ್ನೆ ನಮ್ಮ ಎಣ್ಣೆ ಮಿಲ್ಲಿಗೆ ಯಾವುದೋ ಕಂಪನಿಯ ಪ್ರತಿನಿಧಿ ಬಂದಿದ್ದ. ಕೆಲಸಗಾರರ ಆರೋಗ್ಯ ಕಾಪಾಡುವ ಯೋಜನೆಯಂತೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ವ್ಯಾಯಾಮ, ತಪಾಸಣೆ, ಮೈಕೈ ನೋವಿಗೆ ಹಚ್ಚಲು ಎಣ್ಣೆ. ನಮೂನೆಗೆಂದು ಒಂದು ಸೀಸೆಯ ಮುಚ್ಚಳ ತಿರುಗಿಸಿದ. ನೀಲಗಿರಿ ಎಣ್ಣೆ. ಅದರ ಘಾಟು ಮೂಗಿಗೆ ಬಡಿದ ಮೇಲೆ ಅವನು ಹೇಳುತ್ತಿದ್ದ ದರ ನನ್ನ ಕಿವಿಗೆ ಬೀಳಲಿಲ್ಲ. ದರ ಕಿವಿಗೆ ಬೀಳದಿರುವುದು ನನ್ನ ಮಟ್ಟಿಗೆ ಅಪರೂಪ. ಅರಸೀಕೆರೆಯ ಹಳೆಯ ಮಂಡಿಯ ಅಂಗಳ, ಸಾಲಾಗಿ ನಿಂತ ಹಮಾಲಿಗಳು, ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡ ಡ್ರಿಲ್ ಮೇಷ್ಟ್ರು...

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಒಂದು ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ ಕುದುರಿಸುವ ಕೆಲಸದಲ್ಲಿದ್ದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಧಾರಣೆ ಮಾತಾಡುವುದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ, ನೋಡಿ ಕಲಿತೆ. ಹಮಾಲಿಗಳ ಹಾಜರಿ ಹಾಕುವುದೂ ನನ್ನ ಪಾಲಿಗೇ ಬಂದಿತ್ತು. ಇವತ್ತು ಒಬ್ಬನಿಗೆ ಸೊಂಟ ಹಿಡಿಯಿತು, ನಾಳೆ ಇನ್ನೊಬ್ಬನಿಗೆ ಬೆನ್ನು. ಆಳು ಕಡಿಮೆಯಾದರೆ ವ್ಯಾಗನ್ ತುಂಬುವುದು ತಡ, ತಡವಾದರೆ ರೈಲ್ವೆಯವರಿಗೆ ನಾವು ದಂಡ ಕಟ್ಟಬೇಕು. ನಮ್ಮ ಯಜಮಾನರು ಬೊಂಬಾಯಿಗೆ ಹೋಗಿದ್ದಾಗ ಅಲ್ಲೊಂದು ಮಿಲ್ಲಿನಲ್ಲಿ ಕೆಲಸಗಾರರಿಗೆ ಬೆಳಿಗ್ಗೆ ಕವಾಯತು ಮಾಡಿಸುವುದನ್ನು ಕಂಡರು. ಊರಿಗೆ ಬಂದವರೇ, ಶಾಲೆಯಿಂದ ನಿವೃತ್ತರಾಗಿ ಬೇಲೂರಿನಲ್ಲಿದ್ದ ಡ್ರಿಲ್ ಮೇಷ್ಟ್ರನ್ನು ಕರೆಸಿಕೊಂಡರು.

ಮೇಷ್ಟ್ರು ಅಲ್ಲಿ ಇದ್ದದ್ದು ಅಳಿಯನ ಮನೆಯಲ್ಲಿ. "ಅಳಿಯ ಒಳ್ಳೆಯವನೇ ಕಣಯ್ಯ. ಆದ್ರೆ ಒಂದು ಚಿಟಿಕೆ ನಶ್ಯಕ್ಕೂ ಅವನ ಮುಖ ನೋಡಬೇಕು" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಮಂಡಿಯಲ್ಲಿ ಸಂಬಳದ ಜೊತೆ ಗೋದಾಮಿನ ಹಿಂದೆ ಒಂದು ಕೋಣೆ ಸಿಕ್ಕಿತು. ಅದಕ್ಕೊಂದು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ಕೆಲಸ ಹೋದರೆ ಕೋಣೆಯೂ ಹೋಯಿತು, ಮತ್ತೆ ಅಳಿಯನ ಜಗುಲಿಯೇ ಗತಿ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬೆಳಿಗ್ಗೆ ಅರ್ಧ ಗಂಟೆ ಬಗ್ಗುವುದು, ಏಳುವುದು, ಆಮೇಲೆ ಒಬ್ಬರ ಬೆನ್ನಿಗೊಬ್ಬರು ನೀಲಗಿರಿ ಎಣ್ಣೆ ತಿಕ್ಕುವುದು. ಇಷ್ಟವಿದ್ದವರು ಬಂದರು, ಇಲ್ಲದವರು ಬೀಡಿ ಸೇದುತ್ತಾ ಕೂತರು. ಕೆಲವು ತಿಂಗಳು ಕಳೆದ ಮೇಲೆ ಯಜಮಾನರು ಹಾಜರಿ ಕೇಳಿದರು. ಕವಾಯತಿಗೆ ಬರುವವರು ಕೆಲಸ ತಪ್ಪಿಸುವುದೇ ಇಲ್ಲ ಎಂದೆ. ಇದ್ದದ್ದನ್ನೇ ಹೇಳಿದೆ. ಯಜಮಾನರು ಹಿಗ್ಗಿಹೋದರು. "ಮೇಷ್ಟ್ರೇ, ಈ ಕೆಲಸ ನಿಮಗೆ ಖಾಯಂ" ಎಂದರು.

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೊರಡುತ್ತಿದ್ದರು. ಮೇಷ್ಟ್ರು ನಶ್ಯದ ಡಬ್ಬಿ ತಟ್ಟುತ್ತಾ ಅಲ್ಲೇ ನಿಂತರು.

"ಯಜಮಾನ್ರೇ, ಬೆನ್ನು ಗಟ್ಟಿ ಇರೋನೇ ನನ್ನ ಹತ್ರ ಬಗ್ಗೋಕೆ ಬರ್ತಾನೆ. ನೋವಿರೋನು ಅಲ್ಲಿ ಬೀಡಿ ಸೇದ್ತಾ ಕೂತಿದಾನೆ. ಇದರಲ್ಲಿ ನಾನು ಮಾಡಿದ್ದೇನು ಬಂತು?"

"ಮತ್ತೇನು ಮಾಡ್ಬೇಕು ಅಂತೀರಿ?"

"ಸ್ಕೂಲಲ್ಲಿ ಕಬಡ್ಡಿಗೆ ತಂಡ ಮಾಡಿಸ್ತಿದ್ನಲ್ಲ, ಹಾಗೆ ಮಾಡೋಣ."

ಆ ಆಟ ಎಲ್ಲರೂ ಆಡಿದ್ದೇ. ಸಮಬಲದ ಇಬ್ಬರು ಜೊತೆಯಾಗಿ ಮರೆಗೆ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬಂದು ನಾಯಕನನ್ನು ಕೇಳುವುದು. ಅವನು ಕೂಗಿದ ಹೆಸರಿನವನು ಅವನ ಕಡೆ, ಉಳಿದವನು ಎದುರು ಕಡೆ. ಮೇಷ್ಟ್ರು ಹಮಾಲಿಗಳನ್ನು ವಯಸ್ಸು ನೋಡಿ, ನೋವು ವಿಚಾರಿಸಿ ಜೋಡಿ ಮಾಡಿದರು. ಸೊಂಟ ಹಿಡಿದವನಿಗೆ ಸೊಂಟ ಹಿಡಿದವನೇ ಜೊತೆ. ಯಜಮಾನರು ಗಾದಿಯ ಮೇಲೆ ಕೂತು, ಯಾವ ಹೆಸರು ಯಾರದೆಂದು ತಿಳಿಯದೆ ಒಂದನ್ನು ಆರಿಸಬೇಕು. ಆರಿಸಿದವನು ಮನಸ್ಸಿರಲಿ ಬಿಡಲಿ ಕವಾಯತಿಗೆ. ಇನ್ನೊಬ್ಬನಿಗೆ ಕವಾಯತೂ ಇಲ್ಲ, ಎಣ್ಣೆಯೂ ಇಲ್ಲ. ಕೊನೆಗೆ ಎರಡೂ ಕಡೆಯ ಹಾಜರಿ ಹೋಲಿಸಿ ನೋಡುವುದು.

ಮೀಸೆ ನರೆತವರು ಕೈಕೈ ಹಿಡಿದುಕೊಂಡು ತಕ್ಕಡಿಯ ಹಿಂದೆ ಹೋಗಿ ಪಿಸುಗುಟ್ಟುವುದನ್ನು ನೋಡಬೇಕಿತ್ತು.

"ಮೊಮ್ಮಕ್ಳು ಆಡೋ ಆಟ ನಮ್ ಕೈಲಿ ಆಡಿಸ್ತೀರಲ್ಲ ಮೇಷ್ಟ್ರೇ!" ಎಂದ ಹಮಾಲಿಗಳಲ್ಲೆಲ್ಲ ಹಿರಿಯ. ಅವನೂ ಅವನ ಜೊತೆಗಾರನೂ ಯಜಮಾನರ ಮುಂದೆ ನಿಂತು ರಾಗವಾಗಿ ಕೇಳಿದರು: "ಮಾವು ಬೇಕೋ, ಹಲಸು ಬೇಕೋ?"

ಹಿಂದಿನಿಂದ ಯಾರೋ ಕೂಗಿದ, "ಏನ್ಲಾ, ಹೊಟ್ಟೆ ನೋಡುದ್ರೇ ಗೊತ್ತಾಯ್ತದೆ ನೀನೇ ಹಲಸು ಅಂತ!" ದೊಡ್ಡ ಹೊಟ್ಟೆಯ ಹಿರಿಯ ತಡೆಯಲಾರದೆ ನಕ್ಕುಬಿಟ್ಟ.

ಮೇಷ್ಟ್ರು ಸೀಟಿ ಊದಿದರು. "ಗುಟ್ಟು ಬಯಲಾಯ್ತು, ಇದು ನಡೆಯೋಲ್ಲ. ಹೋಗಿ, ಬೇರೆ ಹೆಸರಿಟ್ಕೊಂಡು ಬನ್ನಿ."

ದೀಪಾವಳಿಗೆ ಶುರುವಾದದ್ದು ಯುಗಾದಿಯವರೆಗೆ ನಡೆಯಿತು. ಹಾಜರಿ ಹಾಕುತ್ತಿದ್ದ ನನಗೆ ಮೊದಲೇ ಅಂದಾಜು ಸಿಕ್ಕಿತ್ತು. ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಸಮ ನೋವೆಂದು ಕೆಲಸ ಬಿಟ್ಟು ಮಲಗಿದ್ದರು. ರೈಲ್ವೆಯ ದಂಡವೂ ಇಳಿದಿರಲಿಲ್ಲ. ಲೆಕ್ಕ ಒಪ್ಪಿಸುವ ಮುಂಚೆ ಮೇಷ್ಟ್ರ ಕೋಣೆಗೆ ಹೋದೆ.

"ಮೇಷ್ಟ್ರೇ, ಹಾಜರಿ ನನ್ನ ಕೈಲಿದೆ. ನೀವು ಹೂಂ ಅಂದ್ರೆ ನಿಮ್ಮ ಕಡೆಯೋರೇ ವಾಸಿ ಅಂತ ಹೇಳ್ತೀನಿ. ಕೋಣೆ ಉಳಿಯುತ್ತೆ."

ವ್ಯಾಪಾರಿಯ ಸಲಹೆ. ಇವತ್ತಾದರೂ ಅದನ್ನೇ ಕೊಡುತ್ತಿದ್ದೆನೋ ಏನೋ. ಮೇಷ್ಟ್ರು ಸಿಟ್ಟಾಗಲಿಲ್ಲ.

"ಸೋತ ತಂಡ ಗೆದ್ದಿತು ಅಂತ ಸೀಟಿ ಊದೋಕಾಗತ್ತೇನಯ್ಯ?"

ಅವರೇ ಹೋಗಿ ಯಜಮಾನರಿಗೆ ಹೇಳಿದರು. ಯಜಮಾನರೂ ಕೆಟ್ಟವರಲ್ಲ, ಆ ತಿಂಗಳ ಸಂಬಳದ ಮೇಲೆ ಒಂದು ಪಂಚೆ ಕೊಟ್ಟರು. ಕವಾಯತು ನಿಂತಿತು. ಮೇಷ್ಟ್ರು ಜನಿವಾರದಿಂದ ಕೀಲಿ ಬಿಚ್ಚಲು ಹೋದರೆ ಗಂಟು ಬಿಗಿದುಹೋಗಿತ್ತು. ಬಹಳ ಹೊತ್ತು ತಗ್ಗಿದ ತಲೆ ಎತ್ತಲಿಲ್ಲ... ಬಸ್ಸಿನವರೆಗೆ ಅವರ ಟ್ರಂಕು ಹೊತ್ತವನು ಅದೇ ಹಿರಿಯ ಹಮಾಲಿ.

"ಬೆನ್ನು ಹಾಳಾಗೋಗ್ಲಿ ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಒಸಿ ನಗಾಡ್ತಿದ್ವಿ. ಅದೂ ಹೋಯ್ತು" ಎಂದ.

"ಯಜಮಾನರು ನಗು ಅಳೆಯೋಕೆ ನನ್ನ ಕರೆಸಲಿಲ್ಲ ಕಣೋ" ಎಂದು ಮೇಷ್ಟ್ರು ಬೇಲೂರಿನ ಬಸ್ಸು ಹತ್ತಿದರು.

ನಾನು ಸ್ವಂತ ಮಂಡಿ ಹಾಕಿದ ಮೇಲೆ ಹಾಜರಿಗೆ ಅಂಥವರೊಬ್ಬರು ಬೇಕೆನಿಸಿ, ಕೇಳಿಕೊಂಡು ಬೇಲೂರಿಗೆ ಹೋದೆ. ಅಳಿಯ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ. ಮಾವನವರು ತೀರಿಹೋಗಿ ವರ್ಷವಾಯಿತು ಎಂದ. ನಿಜಕ್ಕೂ ಒಳ್ಳೆಯವನೇ.

ಯಾರಾದರೂ ನಿಮಗೆ ಲಾಭ ತೋರಿಸಿದರೆ, ಎಷ್ಟು ಎಂದು ಕೇಳುವ ಮುಂಚೆ ಯಾರನ್ನು ಬಿಟ್ಟು ಎಣಿಸಿದೆ ಎಂದು ಕೇಳಿ. ವ್ಯಾಪಾರದಲ್ಲಿ ನನ್ನನ್ನು ಎಷ್ಟೋ ಸಲ ಉಳಿಸಿದ ಪ್ರಶ್ನೆ ಅದು. ಮೊನ್ನೆಯ ಪ್ರತಿನಿಧಿ, ತಮ್ಮ ಯೋಜನೆಗೆ ಸೇರಿದವರು ರಜೆ ಹಾಕುವುದು ತೀರಾ ಕಡಿಮೆ ಎಂದು ಬಣ್ಣದ ಪುಸ್ತಿಕೆ ಬಿಡಿಸಿದ. ಸೇರಿದವರು ಯಾರಪ್ಪ ಎಂದೆ. "ಇಷ್ಟ ಇದ್ದೋರು ಸಾರ್" ಎಂದ. ಹಾಗಾದರೆ ಮಾವು-ಹಲಸು ಆಡಿಸಿಕೊಂಡು ಬಾ, ಆಮೇಲೆ ದರ ಮಾತಾಡೋಣ ಎಂದೆ. ಅವನು ಪಕ್ಕದಲ್ಲಿ ಕೂತಿದ್ದ ನನ್ನ ಮಗನ ಮುಖ ನೋಡಿದ.

ಸೀಸೆ ಮೇಜಿನ ಮೇಲೆಯೇ ಉಳಿಯಿತು. ಮಂಡಿಯ ಹಳಬರಲ್ಲಿ ಯಾರಿಗಾದರೂ ಇದನ್ನು ಹೇಳಿ ನಗೋಣವೆಂದು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡೆ. ಆವತ್ತು ತಕ್ಕಡಿಯ ಹಿಂದೆ ಹೋಗಿ ಹೆಸರಿಟ್ಟುಕೊಂಡು ಬಂದವರಲ್ಲಿ ಈಗ ಒಬ್ಬರೂ ಇಲ್ಲ. ಕವಾಯತು ಮಾಡಿದವರೂ ಇಲ್ಲ, ಮಾಡದವರೂ ಇಲ್ಲ...