ಬಳೆಯಂಗಡಿಯ ಹೊಸ ಬೋರ್ಡು

ಜಾಣತನ ತೋರಿಸಲು ಹೋಗಿ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವುದು ಎಂದರೇನು ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಬೋರ್ಡು ಬರೆದು ನಾನೇ ಅದನ್ನು ಮಾಡುವುದರಲ್ಲಿದ್ದೆ.

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಡಿಸೈನಿನ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಓಣಿಯ ಮುಖಂಡರ ಹುಟ್ಟುಹಬ್ಬಕ್ಕೆ ಅವರದೇ ನಗುಮುಖ, ಇಂಥವೇ ಕೆಲಸ. ಆನ್‌ಲೈನಿನಲ್ಲಿ ಒಂದು ಕೋರ್ಸು ಮುಗಿಸಿದ ಮೇಲೆ ನನಗೆ ಎರಡು ಕೋಡು ಮೂಡಿದ್ದವು. ಯಾರಾದರೂ ದೊಡ್ಡ ಕೆಂಪಕ್ಷರ ಬೇಕೆಂದರೆ ಮೂಗು ಮುರಿಯುತ್ತಿದ್ದೆ. ಅಂಥ ಹೊತ್ತಿನಲ್ಲೇ ಮಹಾಲಿಂಗಪುರದ ಬಳೆಯಂಗಡಿಯ ಅಕ್ಕ ನನ್ನ ಬಾಗಿಲಿಗೆ ಬಂದರು.

ಅವರ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಹೊಸ ಬಳೆಯಂಗಡಿಯೊಂದು ತೆರೆದಿತ್ತು. "ಬೋರ್ಡು, ಡಬ್ಬಿ, ಚೀಲ ಎಲ್ಲಾ ಒಂದ ನಮೂನಿ ಮಾಡಿ ಕೊಡವಾ. ನೋಡಿದ ಕೂಡ್ಲೆ ನಮ್ಮ ಅಂಗಡೀದು ಅಂತ ಗುರುತು ಸಿಗಬೇಕು. ಹಿಂಗಾ ಬಿಟ್ರ ಬಾಗಲಾ ಹಾಕೂ ಪಾಳಿ ಬರತೈತಿ," ಅಂದರು. ನಾನು ಧಾರಾಳವಾಗಿ, "ಅಕ್ಕಾರ, ನಿಮ್ಮ ಅಂಗಡಿ ಗುರುತು ಏನಂತ ನಾ ತೋರಿಸ್ತೇನಿ, ಚಿಂತಿ ಬಿಡ್ರಿ," ಅಂದುಬಿಟ್ಟೆ.

ಅವರ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ತಾವೇ ಕುಳಿತರು. ಹೊಸದರಲ್ಲಿ ಜನ ಬಳೆ ಕೊಳ್ಳುತ್ತಿದ್ದರೇ ಹೊರತು ಅವರ ಮುಂದೆ ಕೈ ಚಾಚುತ್ತಿರಲಿಲ್ಲ. ಬರಿಗೈಯ ಹೆಂಗಸು ಮದುಮಗಳಿಗೆ, ಬಸುರಿಗೆ ಬಳೆ ಇಡುವುದೆಂದರೇನು! ಆದರೆ ಎಂಥ ಬಿಗಿ ಬಳೆಯನ್ನೂ ಅವರು ಮಾತಾಡುತ್ತ ಮಾತಾಡುತ್ತ, ಅಂಗೈ ಮೆಲ್ಲಗೆ ಹಿಸುಕಿ, ನೋವೇ ಆಗದಂತೆ ಏರಿಸಿಬಿಡುತ್ತಿದ್ದರು. ಒಬ್ಬೊಬ್ಬರಾಗಿ ಕೈ ಚಾಚಿದರು. ವರ್ಷಗಳು ಹಿಡಿದವು. ಜನ ಅವರ ಬರಿಗೈಯನ್ನು ಮರೆತರೋ, ಮರೆತಂತೆ ಮಾಡಿದರೋ, ಅಂಗಡಿ ಮಾತ್ರ ನಿಂತಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಒಂದೇ ಬೀಸಿನಲ್ಲಿ ಎಳೆದ ಹಸಿರು ಬಳೆ. ಗೆರೆ ದುಂಡಗೆ ತಿರುಗಿ ಬಂದು, ತುದಿ ಕೂಡುವ ಮೊದಲೇ ನಿಂತುಬಿಡುತ್ತದೆ. ಬಿಟ್ಟ ಜಾಗವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ ಅಂತ ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ನೋಡಿ ನೋಡಿ ನಾನೇ ಹಿಗ್ಗಿದೆ. ಅಕ್ಕನಿಗೆ ಮೊಬೈಲಿನಲ್ಲಿ ತೋರಿಸಿದಾಗ, "ಆತು ಬಿಡವಾ, ನಿನಗ ತಿಳದಂಗ ಮಾಡು," ಅಂದರು. ಡಬ್ಬಿ, ಚೀಲ ಎಲ್ಲ ಅಚ್ಚಾಗಿ ಬಂದವು.

ಬೋರ್ಡು ಏರಿಸಿದ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ, ಹೊಗಳಿಕೆ ಕೇಳಲು. ಮೊದಲು ಬಂದವರು ರನ್ನ ಬೆಳಗಲಿಯ ಅತ್ತೆ ಸೊಸೆ. ಸೊಸೆಗೆ ಏಳು ತಿಂಗಳು, ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಬಳೆ ಇಡಿಸಬೇಕಾಗಿತ್ತು. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮೇಲೆ ನೋಡಿದರು. ಅಲ್ಲೇ ನಿಂತರು.

"ಏನ್ರೀ ಇದು? ಒಡದ ಬಳಿ ಯಾರರೆ ಬೋರ್ಡಿನ ಮ್ಯಾಲ ಹಾಕತಾರೇನು?"

ನಮ್ಮ ಮನೆಗಳಲ್ಲಿ ಬಳೆ ಒಡೆದರೂ ಒಡೆಯಿತು ಅನ್ನುವ ಮಾತನ್ನು ಬಾಯಿಗೆ ತರುವುದಿಲ್ಲ. ಗಂಡ ಸತ್ತಾಗ ಒಡೆಯುವ ಬಳೆ ಅದು. ಅದನ್ನೇ ನಾಲ್ಕಡಿ ಅಗಲ ಮಾಡಿ ಅಂಗಡಿಯ ನೆತ್ತಿಯ ಮೇಲೆ ಕೂರಿಸಿದ್ದೆ. ಆ ಅತ್ತೆಯ ಕಣ್ಣು ಬೋರ್ಡಿನಿಂದ ಇಳಿದು ನೇರ ಅಕ್ಕನ ಬರಿಗೈಯ ಮೇಲೆ ಬಿತ್ತು. "ಆಮ್ಯಾಲ ಬರತೇವ್ರಿ," ಅಂದವರೇ ಸೊಸೆಯ ರಟ್ಟೆ ಹಿಡಿದು ರಸ್ತೆ ದಾಟಿಸಿ ಗಾಜಿನ ಬಾಗಿಲಿನೊಳಗೆ ಕರೆದುಕೊಂಡು ಹೋದರು.

ನನ್ನ ಬುದ್ಧಿಗೆ ಬೆಂಕಿ ಹಚ್ಚಬೇಕು! ಬೋರ್ಡು ಹಾಕಿದವರು ಆಗಲೇ ಮುಧೋಳದ ದಾರಿ ಹಿಡಿದಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿಗಳಿಗೆ ಸ್ಟಿಕರ್ ಹಚ್ಚುವವನ ಬಳಿ ಓಡಿ ಹಸಿರು ಸ್ಟಿಕರ್ ತಂದೆ. ಅಕ್ಕ ಏಣಿ ಹಿಡಿದರು. ಎರಡು ಸಲ ಸೊಟ್ಟಗೆ ಅಂಟಿತು, ಮೂರನೆಯ ಸಲಕ್ಕೆ ಬಳೆ ಕೂಡಿತು. ಆಮೇಲೆ ಇಬ್ಬರೂ ಕುಳಿತು ಡಬ್ಬಿ, ಚೀಲಗಳ ಮೇಲಿನ ಒಂದೊಂದು ಬಳೆಯನ್ನೂ ಹಸಿರು ಸ್ಕೆಚ್ ಪೆನ್ನಿನಿಂದ ಕೂಡಿಸಿದೆವು. ಒಂದು ಡಬ್ಬಿ ಮುಗಿದರೆ ಅವರೇ ಇನ್ನೊಂದನ್ನು ನನ್ನ ಮುಂದೆ ಸರಿಸುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಬೋರ್ಡು ಸರಿಯಾಯಿತು, ಆದರೆ ಆ ಹೆಂಗಸು ಊರಿಗೆ ಹೋಗಿ ಏನು ಹೇಳುತ್ತಾರೆ? ಮಹಾಲಿಂಗಪುರದ ಸಂತೆಗೆ ಬರುವ ಅರ್ಧ ಹೆಂಗಸರು ಸುತ್ತಲಿನ ಹಳ್ಳಿಯವರೇ. ಮರೆತದ್ದನ್ನು ಒಬ್ಬರು ನೆನಪಿಸಿದರೆ ಸಾಕು, ಎಲ್ಲರಿಗೂ ನೆನಪಾಗುತ್ತದೆ. ಮರುದಿನ ಬೆಳಗಾಗುತ್ತಲೇ ನನ್ನ ಅಂಗಡಿಗೆ ಬೀಗ ಹಾಕಿ ಮತ್ತೆ ಬಸ್ಸು ಹತ್ತಿದೆ. ಹೋಗಿ ಮಾಡುವುದೇನೂ ಇರಲಿಲ್ಲ. ಮೂಲೆಯಲ್ಲಿ ಕುಳಿತು ದಾರಿಯಲ್ಲಿ ಹೋಗುವ ಹೆಂಗಸರ ಮುಖ ನೋಡುತ್ತಿದ್ದೆ. ಇಬ್ಬರು ಬಂದು ಪಿನ್ನು, ಹಣೆಯ ಟಿಕಳಿ ಕೊಂಡು ಹೋದರು. ಕೈ ಚಾಚಿದವರು ಒಬ್ಬರೂ ಇಲ್ಲ.

ಅದರ ಮರುದಿನವೂ ಹೋಗಿ ಕುಳಿತಿದ್ದೆ. ಅಕ್ಕ ಚಹಾ ಹಾಕುತ್ತಿದ್ದಾಗ, ಅದೇ ಅತ್ತೆ ಸೊಸೆ ಬಂದು ಮೆಟ್ಟಿಲ ಬಳಿ ನಿಂತರು. ನಾನು ಸೆರಗಿನ ತುದಿ ಹಿಂಡುತ್ತ ಕುಳಿತೆ. ಅತ್ತೆ ಮೇಲೆ ನೋಡಿದರು. "ಈಗ ಛಲೋ ಕಾಣತೈತಿ ನೋಡ್ರಿ," ಅಂದು ಒಳಗೆ ಬಂದು ಕುಳಿತರು. "ಆ ಅಂಗಡ್ಯಾಗ ಈಕಿ ಕೈ ಹಿಂಡಿ ಕೆಂಪಗ ಮಾಡಿದ್ರವಾ. ಎರಡ ಬಳಿ ಇಡೂದ್ರಾಗ ಅಳಾಕತ್ತಿದ್ಲು. ನಾಳೆ ಕುಬಸ ಐತಿ. ನೀವಾ ಇಡ್ರಿ."

ಅಕ್ಕ ಹುಡುಗಿಯ ಕೈ ಹಿಡಿದರು. ಎಷ್ಟನೇ ತಿಂಗಳು, ಏನು ತಿನ್ನಬೇಕು ಅನ್ನಿಸುತ್ತದೆ ಅಂತ ಕೇಳುತ್ತ ಕೇಳುತ್ತ ಎರಡೂ ಕೈ ತುಂಬಿಸಿದರು. ಸೊಸೆ ಕೈ ಅಲ್ಲಾಡಿಸಿ ನಕ್ಕಳು. ನನಗೆ ಅಳುವೇ ಬಂದಿತ್ತು.

ಅವರು ಹೋದ ಮೇಲೆ ಎರಡು ದಿನದ ಭಾರ ಇಳಿದಂತಾಗಿ ನನಗೆ ಮತ್ತೆ ಬಾಯಿ ಬಂತು. "ಅಲ್ರೀ ಅಕ್ಕಾರ, ಚಿತ್ರ ತೋರಿಸಿದಾಗನ ನನಗ ನಾಕು ಬೈಬಾರದೇನ್ರಿ? ನಿಮ್ಮ ಕಣ್ಣಿಗೂ ಬೀಳಲಿಲ್ಲೇನು?"

ಅವರು ಉಳಿದ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದರು.

"ಬಿದ್ದಿತ್ತವಾ, ಆವತ್ತಾ ಬಿದ್ದಿತ್ತು. ಅಂಗಡಿ ಗುರುತು ಏನಂತ ತೋರಿಸ್ತೇನಿ ಅಂದಿದ್ದ್ಯಲ್ಲಾ ನೀನು. ನಿನ್ನ ಕಣ್ಣಿಗೆ ನಾ ಆ ಒಡದ ಬಳಿ ಹಂಗ ಕಂಡಿರಬೇಕು ಅನ್ಕೊಂಡೆ. ಸುಳ್ಳಂತೂ ಅಲ್ಲಲ್ಲಾ? ಏನಂತ ಬೈಲಿ?"

"ಇಲ್ರೀ, ದೇವರಾಣೆ ಹಂಗಲ್ರೀ," ಅಂದೆ. ಕೋರ್ಸಿನ ಮಾತು ಹೇಳಿದೆ, ಕಣ್ಣು ತುಂಬಿಕೊಳ್ಳುವ ಜಾಗದ ಮಾತು ಹೇಳಿದೆ, ತೊದಲಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಇರಲಿ ಬಿಡವಾ, ಚಾ ಆರಾಕತ್ತೈತಿ," ಅಂದರು. ನನ್ನ ಮಾತು ನಂಬಿದರೋ ಇಲ್ಲವೋ, ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.